ಗೂನುಬಂಡೆಯ ಹಿಂದಿನ ನೀರು

ಹಿಕ್ಕೆ ದ್ವೀಪದಲ್ಲಿ ಎದ್ದು ನಿಂತು ನಡೆಯುವವನಷ್ಟು ದಡ್ಡ ಇನ್ನೊಬ್ಬನಿಲ್ಲ. ಒಬ್ಬ ತಲೆ ಎತ್ತಿದರೆ ಸಾಕು, ಗುಡ್ಡದ ತುಂಬ ಕೂತ ನೀರುಕಾಗೆಗಳೆಲ್ಲ ಗಾಬರಿಯಿಂದ ಮೇಲೇಳುತ್ತವೆ, ಹೊಂಚು ಹಾಕಿದ ಗಲ್ ಹಕ್ಕಿಗಳು ಮರಿಗಳನ್ನು ಕಚ್ಚಿಕೊಂಡು ಹೋಗುತ್ತವೆ. ಅದಕ್ಕೇ ಅಲ್ಲಿ ತೆವಳಬೇಕು. ನಮ್ಮ ಕೊಲ್ಲಿಯ ಎಡೆಲ್ಮೀರಾ ರಾಜಧಾನಿ ಲಿಮಾದಲ್ಲಿ ಅಷ್ಟೆಲ್ಲ ಓದಿ, ಕೊನೆಗೆ ಮೊಣಕಾಲಲ್ಲಿ ತೆವಳುವ ಕೆಲಸ ಹಿಡಿದಳಲ್ಲ ಎಂದು ನಾವು ನಕ್ಕಿದ್ದು ಅಷ್ಟಿಷ್ಟಲ್ಲ.

ಆ ಶನಿವಾರ ಅವಳು ಒಂದು ಗೂಡಿನ ಮುಂದೆ ಮಂಡಿಯೂರಿ ಕಾಯುತ್ತಿದ್ದಳು. ಹಿಂದಿನ ಬೆಳಿಗ್ಗೆ ಆ ಗೂಡಿನ ಹೆಣ್ಣು ಹಕ್ಕಿಯ ಬಾಲಕ್ಕೆ ಹೆಬ್ಬೆರಳಿನಷ್ಟು ಯಂತ್ರವೊಂದನ್ನು ಟೇಪಿನಿಂದ ಅಂಟಿಸಿ ಬಿಟ್ಟಿದ್ದರು. ಹಕ್ಕಿ ಎಲ್ಲಿಗೆ ಹಾರಿತು, ಎಷ್ಟು ಆಳಕ್ಕೆ ಮುಳುಗಿತು ಎಂಬುದನ್ನೆಲ್ಲ ಅದು ಹೇಳುತ್ತದೆ. ಅಂದೇ ಸಂಜೆಯೊಳಗೆ ಬರಬೇಕಾಗಿದ್ದ ಹಕ್ಕಿ ಇನ್ನೂ ಬಂದಿರಲಿಲ್ಲ. ಗಂಡು ಹಕ್ಕಿ ಎರಡು ಮರಿಗಳ ಮೇಲೆ ಕೂತೇ ಇತ್ತು. ಅದು ಎದ್ದರೆ ಮರಿಗಳು ಗಲ್ ಪಾಲು, ಏಳದಿದ್ದರೆ ಹಸಿವಿನ ಪಾಲು.

"ನನ್ನದೇ ತಪ್ಪು," ಎಂದರು ಡಾಕ್ಟರ್ ಲಿಸಾರ್ದೊ. ಮನುಷ್ಯರಿಗೆ ಮದ್ದು ಕೊಡುವ ಡಾಕ್ಟರಲ್ಲ, ಹಕ್ಕಿಗಳ ಮೇಲೆ ಪುಸ್ತಕ ಬರೆದವರು, ಅವಳನ್ನು ಈ ಕೆಲಸಕ್ಕೆ ಇಟ್ಟುಕೊಂಡವರು. "ಟೇಪು ಜಾಸ್ತಿ ಸುತ್ತಿಬಿಟ್ಟೆ. ಭಾರಕ್ಕೆ ಮುಳುಗಿದ್ದು ಮೇಲೆ ಬಂದಿಲ್ಲ. ನಾನೇ ಕೊಂದೆ ಕಣಮ್ಮಾ."

"ಹಾಗನ್ಬೇಡಿ ಡಾಕ್ಟರ್," ಎಂದಳು ಎಡೆಲ್ಮೀರಾ.

ಹೇಳುವುದು ಇನ್ನೂ ಇತ್ತು. ಹಿಂದಿನ ವಾರ ಮನೆಗೆ ಹೋದಾಗ ಅಣ್ಣ ನಿಕಾನೋರ್ ಬರಿಗೈಯಲ್ಲಿ ಕಡಲಿಂದ ಬಂದು, ಯಾರ ಜೊತೆಗೂ ಮಾತಾಡದೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳಿಗೆ ಕರುಳು ಚುರ್ರೆಂದಿತು. "ಗೂನುಬಂಡೆ ಹಿಂದೆ ಹೋಗಿ ನೋಡಣ್ಣ. ಹಕ್ಕಿಗಳೆಲ್ಲ ಅಲ್ಲೇ ಮುಳುಗ್ತಿವೆ," ಎಂದುಬಿಟ್ಟಳು. ಹಕ್ಕಿ ಮುಳುಗುವಲ್ಲಿ ಅಂಚೊವೆತಾ ಮೀನು, ಅಂಚೊವೆತಾ ಇದ್ದಲ್ಲಿ ಅದನ್ನು ತಿನ್ನಲು ಬರುವ ದೊಡ್ಡ ಮೀನು ಬೊನೀಟೊ. ಅಣ್ಣ ಬೊನೀಟೊಗೆ ಬಲೆ ಬಿಡುವವನು. ಆ ಬಲೆ ನೀರಿನೊಳಗೆ ಗೋಡೆ ಕಟ್ಟಿದಂತೆ ನಿಲ್ಲುತ್ತದೆ, ಮುಳುಗಿದ ಹಕ್ಕಿಯೂ ಅದರಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಹೇಳಿದಳು.

ಭಾನುವಾರ ಮನೆಯಲ್ಲಿ ಹಬ್ಬವೇ ಹಬ್ಬ. ಅಮ್ಮ ಕೊತ್ತಂಬರಿ ಸೊಪ್ಪು ಅರೆದು ಹಸಿರಗೆ ಸೆಕೊ ಎಂಬ ಮಾಂಸದ ಗಸಿ ಮಾಡಿದ್ದಳು, ಪಕ್ಕದಲ್ಲಿ ಅನ್ನ, ಬೇಯಿಸಿದ ಮರಗೆಣಸು. ಅಣ್ಣನ ಮುಖದಲ್ಲಿ ಕಳೆ ಬಂದಿತ್ತು.

"ತಿನ್ನೇ, ಮೂಳೆಚಕ್ಕಳ ಆಗಿದ್ದೀಯ," ಎಂದು ಅಮ್ಮ ಇನ್ನೊಂದು ತುಂಡು ಹಾಕಿದಳು.

ಎಡೆಲ್ಮೀರಾ ಹಸಿದಿದ್ದಳು, ಬೆರಳು ಚೀಪಿಕೊಂಡು ತಿಂದಳು. ಆಮೇಲೆ ಅಣ್ಣ ಜೇಬಿಗೆ ಕೈ ಹಾಕಿ, ತೊಳೆದು ಒರೆಸಿದ ಆ ಪುಟ್ಟ ಯಂತ್ರವನ್ನು ತಟ್ಟೆಯ ಪಕ್ಕ ಇಟ್ಟ.

"ತಗೋ ಪಂಡಿತೆ. ನಿಮ್ದೇ ಸಾಮಾನು ಅಂತ ಜೋಪಾನ ಮಾಡಿದ್ದೀನಿ. ಹಕ್ಕಿ ಬಲೇಲಿ ಸಿಕ್ಕಿ ಸತ್ತಿತ್ತು. ಎಸೆದ್ರೆ ಪಾಪ ಅಲ್ವಾ? ಅಮ್ಮ ವಿನೆಗರ್‌ನಲ್ಲಿ ನೆನೆಹಾಕಿ ನಾತ ತೆಗೆದ್ಳು. ಹೇಗಿತ್ತು?"

ಅವಳು ತಟ್ಟೆಯನ್ನು ದೂರ ಸರಿಸಿದಳು. ನಮ್ಮ ಕೊಲ್ಲಿಯಲ್ಲಿ ನೀರುಕಾಗೆ ಕದ್ದುಮುಚ್ಚಿ ಎಲ್ಲರೂ ತಿನ್ನುವ ಮಾಂಸ. ಸಣ್ಣವಳಿದ್ದಾಗ ಅವಳೂ ತಿಂದವಳೇ.

"ಅಲ್ಲಿಂದ ಬಲೆ ತೆಗಿ ಅಣ್ಣ."

"ನೀನೇ ತೋರ್ಸಿದ ಜಾಗ ಅಲ್ವೇನೆ?"

"ನಾನೇ ತೋರ್ಸಿದ್ದು. ಈಗ ನಾನೇ ಹೇಳ್ತಿದ್ದೀನಿ, ತೆಗಿ."

"ನಾನೊಬ್ಬ ತೆಗೆದ್ರೆ ಏನಾಗುತ್ತೆ?" ಅಣ್ಣನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಮೊದಲ ದಿನಾನೇ ಕೊಂಪಾದ್ರೆಗೆ ರೇಡಿಯೋದಲ್ಲಿ ಹೇಳಿದ್ನಲ್ಲ."

ಕೊಂಪಾದ್ರೆ ಎಂದರೆ ಅವನ ಮಗುವನ್ನು ಎತ್ತಿಕೊಂಡು ಜ್ಞಾನಸ್ನಾನ ಮಾಡಿಸಿದವನು. ಅಂಥವನಿಂದ ಮೀನಿನ ಜಾಗ ಮುಚ್ಚಿಡುವವನ ಮನೆಗೆ ನಮ್ಮಲ್ಲಿ ಯಾರೂ ಕಾಲಿಡುವುದಿಲ್ಲ. ಆ ಕೊಂಪಾದ್ರೆಗೂ ಕೊಂಪಾದ್ರೆಗಳಿದ್ದಾರೆ. ಇದೆಲ್ಲ ಗೊತ್ತಿರಬೇಕಾದ್ದು ಈ ಊರಿನ ಮಗಳಿಗೇ. ಲಿಮಾದಿಂದ ಬಂದ ಡಾಕ್ಟರಿಗಲ್ಲ.

ಸೋಮವಾರ ಅವಳು ದ್ವೀಪಕ್ಕೆ ಮರಳುವಷ್ಟರಲ್ಲಿ ಡಾಕ್ಟರ್ ಲಿಸಾರ್ದೊ ಬೇರೆ ಹಕ್ಕಿಗಳಿಗೆ ಅಂಟಿಸಿದ್ದ ಯಂತ್ರಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಗೆ ತುಂಬಿದ್ದರು. ಗಡ್ಡ ಬೋಳಿಸಿರಲಿಲ್ಲ. ಅವಳನ್ನು ಕಂಡು ಗೂಡಿನತ್ತ ಕೈ ತೋರಿಸಿದರು. ಒಂದು ಮರಿ ಸತ್ತಿತ್ತು. ಇನ್ನೊಂದು ಕುತ್ತಿಗೆ ಎತ್ತಲಾರದೆ ಗಂಡು ಹಕ್ಕಿಯ ಎದೆಗೆ ಕೊಕ್ಕು ಕುಟ್ಟುತ್ತಿತ್ತು.

"ಈ ಕೆಲಸ ಸಾಕು ನನಗೆ," ಎಂದರು. "ಈ ಕೈಯಿಂದ ಇನ್ನೊಂದು ಹಕ್ಕಿಯನ್ನ ಮುಟ್ಟೋದಿಲ್ಲ."

ಎಡೆಲ್ಮೀರಾ ಅವರ ಪಕ್ಕಕ್ಕೆ ತೆವಳಿಕೊಂಡು ಬಂದಳು. ಯಂತ್ರವನ್ನು ಅವರ ಅಂಗೈಯಲ್ಲಿಟ್ಟಳು.

"ನಿಮ್ಮ ಟೇಪು ಸರಿಯಾಗೇ ಇತ್ತು ಡಾಕ್ಟರ್. ನಮ್ಮಣ್ಣನ ಬಲೇಲಿ ಸತ್ತಿದ್ದು. ಜಾಗ ತೋರ್ಸಿದ್ದು ನಾನು. ಆಮೇಲೆ... ನಾವು ತಿಂದ್ವಿ. ನಾನೂ ತಿಂದೆ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಮೇಲಿತ್ತು. ಯಂತ್ರವನ್ನು ಪೆಟ್ಟಿಗೆಗೆ ಹಾಕಿ, "ಈಗ ಅಲ್ಲಿ ಯಾರ ಬಲೆ ಇದೆ?" ಎಂದು ಕೇಳಿದರು.

"ಎಲ್ಲರದ್ದೂ."

ಹಸಿದ ಮರಿ ಮತ್ತೆ ಕುಟ್ಟಿತು. ಗಂಡು ಹಕ್ಕಿ ಎದ್ದು ನಿಂತು ರೆಕ್ಕೆ ಕೊಡವಿತು. ಮರಿಯನ್ನೊಮ್ಮೆ ನೋಡಿ, ಗೂನುಬಂಡೆಯತ್ತ ಸಾಲುಗಟ್ಟಿ ಹೊರಟಿದ್ದ ಹಕ್ಕಿಗಳ ಹಿಂದೆ ತಾನೂ ಹಾರಿತು.