ಅಂಚಿಗೆ ಹೋದ ಗೀಟು

ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಯಾಕೂಬನಿಗೆ ಮೊದಲು ಕಂಡದ್ದು ಒಳಗಿದ್ದ ಜಾಡಿಯ ಮುಚ್ಚಳದಲ್ಲಿ ಬೆಳ್ಳಿ ಕೂರಿಸದೆ ಉಳಿದ ಕಾಲು ಭಾಗ. ಕೆಳಗಿದ್ದ ದೊಡ್ಡ ಬಿಳಿ ಜಾಡಿ, ಅಕ್ಕಪಕ್ಕ ನಿಂತ ಮಂದಿ, ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ಊಟದ ತಟ್ಟೆಯಷ್ಟು ಅಗಲದ ಬಿದ್ರಿ ಮುಚ್ಚಳ ಅದು. ಮುಕ್ಕಾಲು ಪಾಲು ಬೆಳ್ಳಿಯ ಬಳ್ಳಿ ಹಬ್ಬಿತ್ತು. ಉಳಿದ ಕಡೆ ಚೂಪು ಕಡ್ಡಿಯಿಂದ ಎಳೆದ ಗೀಟುಗಳಷ್ಟೇ ಇದ್ದವು, ಕೂದಲಿನಷ್ಟು ಸಣ್ಣವು. ಕೊರಿಯಾದಲ್ಲಿ ಮೂರು ತಿಂಗಳು, ಲಂಡನ್ನಿನಲ್ಲಿ ಎರಡು ತಿಂಗಳು ಇದು ಹೀಗೇ ಅರೆಬರೆಯಾಗಿ ಕೂತು ಬಂದಿತ್ತಂತೆ. ಕೆಳಗಿನ ಚೀಟಿಯಲ್ಲಿ ಮಗಳ ಹೆಸರಿತ್ತು: ಫರ್ಹೀನ, ಬೀದರ. ಯಾಕೂಬನಿಗೆ ನಾಲ್ಕು ಮಂದಿಯ ನಡುವೆ ಮೈಮೇಲಿನ ಬಟ್ಟೆ ಜಾರಿದಂತಾಯಿತು.

ನೌಬಾದದ ಆ ಕಾಲೇಜಿನ ಹಾಲಿಗೆ ಅವನು ಬರಬಾರದೆಂದೇ ಇದ್ದ. ಕೊರಿಯಾದ ಹಾನ್ ಮೇಡಂ ತಮ್ಮ ಮಣ್ಣಿನ ಜಾಡಿಗಳನ್ನು ದೇಶದೇಶ ತಿರುಗಿಸಿ, ಕೊನೆಗೆ ಬೀದರಿಗೂ ತಂದಿದ್ದಾರೆಂದು ಊರೆಲ್ಲ ಹೇಳಿತು. ಹತ್ತು ದಿನ ತಡೆದ. ಹನ್ನೊಂದನೆಯ ದಿನ ಕಾಲು ಮಾತು ಕೇಳಲಿಲ್ಲ.

ಎರಡು ವರ್ಷದ ಹಿಂದೆ ಹಾನ್ ಮೇಡಂ ಚೌಬಾರದ ಹತ್ತಿರದ ಅವನ ಕಾರಖಾನೆಗೆ ಬಂದು, ಇಡೀ ವಾರ ಚಾಪೆಯ ಮೇಲೆ ಕೂತಿದ್ದರು. ತಮ್ಮ ದೇಶದಲ್ಲೂ ಹಸಿ ಮಣ್ಣಿನ ಪಾತ್ರೆಯನ್ನು ಹೀಗೇ ಕೆತ್ತಿ, ಕೆತ್ತಿದಲ್ಲಿ ಬೇರೆ ಬಣ್ಣದ ಮಣ್ಣು ತುಂಬುತ್ತಾರೆಂದು ಫೋನಿನ ಅನುವಾದದಲ್ಲಿ ಹೇಳಿಸಿ, ಚಿತ್ರ ತೋರಿಸಿದ್ದರು. ಅವರು ಜೊತೆಗೆ ತಂದಿದ್ದ ಬಿಳಿ ಜಾಡಿ ಎರಡು ಬೋಗುಣಿ ಸೇರಿಸಿ ಮಾಡಿದ್ದು. ಸೊಂಟದಲ್ಲಿ ಬೆಸೆದ ಗುರುತು ಉಬ್ಬಿ ಕಾಣುತ್ತಿತ್ತು. ಉಜ್ಜಿ ತೆಗೆಯಬಾರದಿತ್ತೇ ಎಂದು ಯಾಕೂಬ ಕೇಳಿದ್ದಕ್ಕೆ ಆಕೆ ತಲೆಯಾಡಿಸಿ ನಕ್ಕಿದ್ದರು. ಫರ್ಹೀನಳೂ ನಕ್ಕಿದ್ದಳು. ಅಪ್ಪನಿಗೆ ಎಲ್ಲಿ ಏನು ಕಂಡರೂ ಅರ ಹಾಕಿ ಉಜ್ಜುವ ಚಟ ಎಂದು ತಮಾಷೆ ಮಾಡಿದ್ದಳು.

ಆ ಮನೆಯಲ್ಲಿ ಚಿತ್ತಾರ ಬರೆಯುವ ಕೈ ಅವಳದೇ. ಯಾಕೂಬನ ಕಣ್ಣು ಮಂಜಾದ ಮೇಲೆ, ಅಳತೆಪಟ್ಟಿ ಇಲ್ಲ, ಕಾಗದ ಇಲ್ಲ, ಮೈಲುತುತ್ತದ ನೀರು ಸವರಿ ಕಪ್ಪಾಗಿಸಿದ ಲೋಹದ ಮೇಲೆ ಒಂದೇ ಉಸಿರಿಗೆ ಬಳ್ಳಿ ಎಳೆಯುತ್ತಿದ್ದಳು. ಹುಡುಗಿಯನ್ನು ಕಾರಖಾನೆಯಲ್ಲಿ ಕೂರಿಸಿದ್ದಾನೆಂದು ಆಡಿಕೊಂಡ ನೆಂಟರಿಗೆ ಅವಳ ಕೆಲಸ ನೋಡಿ ಬಾಯಿ ಕಟ್ಟಿತ್ತು. ಹಾನ್ ಮೇಡಂ ಜಾಡಿಗೆ ಮುಚ್ಚಳ ಮಾಡುವ ಕೆಲಸವನ್ನು ಅವಳೇ ಹಿಡಿದಳು. ಇದು ಮುಗಿಯುವ ತನಕ ಮದುವೆ ಮಾತು ಎತ್ತಬೇಡಿ ಎಂದಳು. ಆಮೇಲೆ ಜ್ವರ ಬಂತು. ಡೆಂಗಿ ಎಂದರು. ಐದನೆಯ ದಿನಕ್ಕೆ ಎಲ್ಲ ಮುಗಿಯಿತು.

ಯಾಕೂಬನ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಸತ್ತವರ ಕೈಯಲ್ಲಿ ಉಳಿದ ಕೆಲಸವನ್ನು ನಲವತ್ತು ದಿನದೊಳಗೆ ಹತ್ತಿರದವರು ಮುಗಿಸಬೇಕು. ಅವನ ಅಪ್ಪ ಬಿಟ್ಟುಹೋದ ಹುಕ್ಕಾದ ಬುಡವನ್ನು ಅವನೇ ಮುಗಿಸಿದ್ದ. ಆದರೆ ಮಗಳ ಸಲ ಅವನಿಗೆ ಕೈಯೂ ಆಡಲಿಲ್ಲ, ಬುದ್ಧಿಯೂ ಆಡಲಿಲ್ಲ. ಹಾನ್ ಮೇಡಂ ಕಡೆಯವರು ಬಂದಾಗ, ಒಯ್ಯಿರಿ, ಎಲ್ಲ ಒಯ್ಯಿರಿ ಎಂದುಬಿಟ್ಟಿದ್ದ. ಅಲ್ಲಿಂದ ಒಂದೂವರೆ ವರ್ಷ ಅದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಹಾಲ್ ನೋಡಿಕೊಳ್ಳುತ್ತಿದ್ದವಳು ಭಾಲ್ಕಿಯ ಗಾರ್ಗಿ, ಚಿತ್ರಕಲೆ ಓದುವ ಹುಡುಗಿ. ಯಾಕೂಬ ಅವಳಿಗೆ ತಾನು ಯಾರೆಂದು ಹೇಳಿದ. ಜೊತೆಗೆ ಒಂದು ಸುಳ್ಳನ್ನೂ ಹೇಳಿದ.

"ಕಪ್ಪು ಮಾಸ್ಯಾದ ಮಗಳೆ. ನಾ ಒಯ್ದು ಸರಿ ಮಾಡಿ ತರ್ತೇನಿ."

ಗಾರ್ಗಿ ದಿಲ್ಲಿಯಲ್ಲಿದ್ದ ಹಾನ್ ಮೇಡಂಗೆ ಫೋನಿನಲ್ಲಿ ಬರೆದು ಕೇಳಿದಳು. ಉಸ್ತಾದರಿಗೆ ತಿಳಿಯದ್ದು ನನಗೇನು ತಿಳಿದೀತು, ಕೊಡು ಎಂದು ಉತ್ತರ ಬಂತು. ಹೇಗೂ ಪರೀಕ್ಷೆಗೆಂದು ಹಾಲ್ ಮೂರು ದಿನ ಬಂದ್ ಇತ್ತು. ಗಾರ್ಗಿ ಮುಚ್ಚಳವನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟಳು. ಯಾಕೂಬ ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದ.

ಹೆಂಡತಿ ಹಾಜಿರಾಬೀಗೆ ಹೇಳಲಿಲ್ಲ. ಮಗಳ ಹೆಸರು ಬಂದರೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಗಂಡ ಹೆಂಡತಿ ಒಬ್ಬರ ಮುಂದೆ ಒಬ್ಬರು ಅಳುವುದನ್ನೂ ಬಿಟ್ಟು ಬಹಳ ದಿನವಾಗಿತ್ತು. ಅವಳು ಇತ್ತೀಚೆಗೆ ದಿನಾ ಮಧ್ಯಾಹ್ನ ಅಕ್ಕ ಮುನವ್ವರ ಬೇಗಂ ಮನೆಗೆ ಹೋಗುತ್ತೇನೆಂದು ಬುರ್ಖಾ ಹಾಕಿಕೊಂಡು ಹೊರಡುತ್ತಿದ್ದಳು. ಹೋಗಲಿ, ಅಷ್ಟಾದರೂ ಹಗುರಾಗಲಿ ಎಂದು ಅವನು ಸುಮ್ಮನಿದ್ದ.

ಆ ಮೂರು ದಿನ ಯಾಕೂಬ ಸುಖವಾಗಿದ್ದ. ಹೀಗೆ ಹೇಳಿದರೆ ಕೇಳಿದವರು ಏನೆಂದುಕೊಂಡಾರೋ, ಆದರೆ ನಿಜ. ಕಾರಖಾನೆಯ ಬಾಗಿಲು ಮುಂದಕ್ಕೆ ಎಳೆದು, ಕಿಟಕಿಯ ಬಿಸಿಲಿಗೆ ಮುಚ್ಚಳ ಕೂರಿಸಿ, ದಪ್ಪ ಕನ್ನಡಕದ ಮೇಲೆ ಭೂತಗನ್ನಡಿ ಕಟ್ಟಿಕೊಂಡು ಅವಳ ಗೀಟಿನ ಹಿಂದೆ ಹಿಂದೆ ಉಳಿ ನಡೆಸಿದ. ಇಲ್ಲಿ ಅವಳು ಕೈ ತಿರುಗಿಸಿದ್ದಾಳೆ, ಇಲ್ಲಿ ಉಸಿರು ಹಿಡಿದಿದ್ದಾಳೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಚಿಕ್ಕಂದಿನಲ್ಲಿ ಅವಳ ಬೆರಳು ಹಿಡಿದು ಕಡ್ಡಿ ನಡೆಸಿದವನು ಅವನೇ. ಈಗ ಅವಳು ಮುಂದೆ, ಅವನು ಹಿಂದೆ. ಉಳಿ ಹೋದಲ್ಲೆಲ್ಲ ಗೀಟು ಹೋಯಿತು, ಅದರ ಜಾಗಕ್ಕೆ ಕಾಲುವೆ ಬಂತು. ಕಾಲುವೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿದ. ಕೆಲಸವೇ ಹಾಗೆ, ಅದರಲ್ಲಿ ಅವನಿಗೆ ವಿಚಿತ್ರವೇನೂ ಕಾಣಲಿಲ್ಲ.

ಕೊನೆಯ ಕುಡಿಗೆ ಬಂದಾಗ ಅವನ ಕೈ ನಿಂತಿತು. ಸುತ್ತಿಕೊಳ್ಳಬೇಕಾದ ಬಳ್ಳಿ ಸುತ್ತಿಕೊಳ್ಳದೆ, ನೆಟ್ಟಗೆ ಮುಚ್ಚಳದ ಅಂಚಿನವರೆಗೂ ಓಡಿಹೋಗಿತ್ತು. ಕೈ ಜಾರಿದ ಗೀಟು. ಫರ್ಹೀನಳ ಕೈ ಜಾರಿದ್ದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಜ್ವರ ಆಗಲೇ ಮೈಯಲ್ಲಿ ಇತ್ತೋ ಏನೋ. ಇದನ್ನೂ ಲಂಡನ್ನಿನ ಮಂದಿ ನೋಡಿದರಲ್ಲ ಎಂದು ಕೆಡುಕೆನಿಸಿತು. ಕಲಿಯುವ ಶಾಗಿರ್ದನ ತಪ್ಪನ್ನು ಉಸ್ತಾದ ಮುಚ್ಚಬೇಕು, ಮಗಳದ್ದಾದರೆ ಕೇಳುವುದೇ ಬೇಡ. ಅರ ತೆಗೆದುಕೊಂಡು ಮೆಲ್ಲಗೆ ಉಜ್ಜಿದ. ಗೀಟು ಒಂದು ಚಿಟಿಕೆ ಪುಡಿಯಾಗಿ ಅಂಗೈಗೆ ಬಿತ್ತು. ಕುಡಿಯನ್ನು ತಾನೇ ದುಂಡಗೆ ಸುತ್ತಿ ಮುಗಿಸಿದ.

ಮೂರನೆಯ ದಿನ ಕಪ್ಪು ಹಿಡಿಸಲು ಕಿಲ್ಲೆಯ ಮಣ್ಣಿಗೆ ನವಸಾಗರದ ಉಪ್ಪು ಹಾಕಿ ಕುದಿಸಿದ. ಮಣ್ಣನ್ನು ನಾಲಿಗೆಗಿಟ್ಟು ಸಾರ ನೋಡಿಯೇ ತಂದಿದ್ದ. ಕಾಯಿಸಿದ ಮುಚ್ಚಳಕ್ಕೆ ಅದನ್ನು ತಿಕ್ಕುತ್ತಿದ್ದಂತೆ ಲೋಹ ಕಾಡಿಗೆಯಾಯಿತು, ಬೆಳ್ಳಿ ಹೊಳೆಯಿತು. ಯಾಕೂಬ ಉಸ್ತಾದನ ಕಪ್ಪು ಮೊಮ್ಮಕ್ಕಳ ಕಾಲಕ್ಕೂ ಬಿಡದು ಎಂದು ಚೌಬಾರದ ಅಂಗಡಿಯವರು ಸುಮ್ಮನೆ ಹೇಳುತ್ತಿರಲಿಲ್ಲ. ಎಣ್ಣೆ ಸವರಿ ಬಿಸಿಲಿಗೆ ಹಿಡಿದಾಗ ಅವನಿಗೆ ಕಣ್ಣು ತುಂಬಿ ಬಂತು. ಮಗಳೇ, ತಡವಾಯಿತು, ಮಾಫ್ ಮಾಡು ಎಂದ.

ಬುಧವಾರ ಮಧ್ಯಾಹ್ನ ಹಾಲಿಗೆ ಹೋದಾಗ ಗಾಜಿನ ಪೆಟ್ಟಿಗೆಯ ಎದುರಿನ ಬೆಂಚಿನ ಮೇಲೆ ಹಾಜಿರಾಬೀ ಕೂತಿದ್ದಳು. ಯಾಕೂಬ ಬಾಗಿಲಲ್ಲೇ ನಿಂತ. ಗಾರ್ಗಿ ಎದುರು ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

"ಚಾಚಾ, ಛೊಲೋ ಆಯ್ತು ಬಂದ್ರಿ. ಈ ಖಾಲಾ ದಿನಾ ಬಂದು ಇಲ್ಲೇ ಕೂಡ್ತಾರ. ಮುಚ್ಚಳ ಎಲ್ಲಿ ಅಂತ ಆಗಲಿಂದ ಕೇಳ್ಲಿಕತ್ತಾರ."

ಹಾಜಿರಾಬೀ ತಿರುಗಿ ಗಂಡನನ್ನು ನೋಡಿದಳು. ಸಿಕ್ಕಿಬಿದ್ದವಳಂತೆ ಮುಖ ತಗ್ಗಿಸಿದಳು. ಅಕ್ಕನ ಮನೆಯೆಂದು ಹೇಳಿ ಬರುತ್ತಿದ್ದದ್ದು ಇಲ್ಲಿಗೆ. ಯಾಕೂಬನಿಗೆ ಸಿಟ್ಟು ಬರಲಿಲ್ಲ, ಒಳಗೊಳಗೇ ಸಂತೋಷವಾಯಿತು. ಅವಳ ಪಕ್ಕ ಕೂತು ಗಂಟು ಬಿಚ್ಚಿ ಮುಚ್ಚಳವನ್ನು ಅವಳ ಮಡಿಲಲ್ಲಿಟ್ಟ. ಅಷ್ಟು ದಿನ ಗಾಜಿನಾಚೆ ನೋಡಿದ್ದು ಈಗ ಅವಳ ಕೈಗೆ ಬಂದಿತ್ತು.

ಅವಳು ಬೆಳ್ಳಿಯನ್ನು ನೋಡಲಿಲ್ಲ. ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಅಂಚಿನ ಮೇಲೆ ಬೆರಳಾಡಿಸಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಅವಳ ತವರು ಔರಾದ ತಾಲೂಕಿನ ಸಂತಪುರ. ಎದೆ ಭಾರವಾದರೆ ಮನೆಯ ದಖನಿ ಉರ್ದು ಬಿಟ್ಟು ಅಲ್ಲಿನ ಕನ್ನಡವೇ ಬಾಯಿಗೆ ಬರುತ್ತಿತ್ತು.

"ಇಲ್ಲೊಂದು ಗೀಟಿತ್ತಲ್ರಿ."

"ಕೈ ಜಾರಿದ್ದದು. ಯಾರಿಗೂ ಕಾಣಬಾರ್ದಂತ ತೆಗದೀನಿ," ಎಂದ ಯಾಕೂಬ. "ಈಗ ನೋಡು, ಪೂರಾ ಆಗ್ಯಾದ. ಅಕಿ ಕೆಲಸ ಪೂರಾ ಆಗ್ಯಾದ."

ಹಾಜಿರಾಬೀ ಅಂಚಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಆಮೇಲೆ ಮುಚ್ಚಳಕ್ಕೇ ಹೇಳುವವಳಂತೆ ಹೇಳಿದಳು.

"ಅವತ್ತು ರೊಟ್ಟಿ ಆರ್ತಾವ ಬಾ ಅಂತ ನಾನೇ ಬಾಗಿಲದಾಗ ನಿಂತು ಒದರಿದ್ದೆ. ಬೆಚ್ಚಿದಳು. ಕಡ್ಡಿ ಜಾರ್ತು. ಬೈತಾಳ ಅಂದ್ಕೊಂಡೆ, ನಕ್ಕಳು. ಅಮ್ಮಿ, ನಿನ್ನ ದನಿ ಇದರಾಗ ಕುಂತುಬಿಡ್ತು ನೋಡು, ಇದು ಹೀಂಗೇ ಇರ್ಲಿ, ಅಂದಳು. ರೊಟ್ಟಿ ತಿಂದು ಮಲಗಿದಾಕಿ ಮತ್ತ ಕಡ್ಡಿ ಹಿಡೀಲಿಲ್ಲ."

ಯಾಕೂಬ ತನ್ನ ಅಂಗೈ ನೋಡಿಕೊಂಡ. ಅಂಗೈಗೆ ಬಿದ್ದ ಪುಡಿಯನ್ನು ಊದಿದ್ದನೋ, ಕೊಡವಿದ್ದನೋ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಎದೆಯಲ್ಲಿ ಮುಳ್ಳಿದ್ದ ಜಾಗದಲ್ಲಿ ಈಗ ಮುಳ್ಳೂ ಇರಲಿಲ್ಲ. ಮೂರು ದಿನ ಮಗಳ ಕೈಯ ಹಿಂದೆ ಹೋಗಿ, ಅವಳ ಒಂದೊಂದು ಹೆಜ್ಜೆಯನ್ನೂ ಅಳಿಸಿಕೊಂಡು ಬಂದಿದ್ದ.

ಗಾರ್ಗಿ ಬಂದು, ಮೇಡಂ ಸಂಜೆಗೆ ಬರುತ್ತಾರೆ, ಅಷ್ಟರಲ್ಲಿ ಇಟ್ಟುಬಿಡೋಣವೇ ಎಂದು ಮೆಲ್ಲಗೆ ಕೇಳಿದಳು. ಹಾಜಿರಾಬೀ ಕೊಟ್ಟಳು. ಮುಚ್ಚಳ ಜಾಡಿಯ ಮೇಲೆ ಸರಿಯಾಗಿ ಕೂತಿತು. ಹತ್ತು ದಿನ ಅದರ ಮುಂದೆ ನಿಂತು ಬಗ್ಗಿ ಬಗ್ಗಿ ನೋಡುತ್ತಿದ್ದ ಮಂದಿ ಇವತ್ತು ಒಂದು ಸಲ ಕಣ್ಣು ಹಾಯಿಸಿ ಮುಂದಿನ ಜಾಡಿಗೆ ಹೋದರು. ಬಿಳಿ ಜಾಡಿಯ ಸೊಂಟದಲ್ಲಿ ಬೆಸೆದ ಗುರುತು ಹಾಗೇ ಇತ್ತು. ಯಾಕೂಬ ಅದನ್ನೇ ನೋಡುತ್ತ ಕೂತ.

ಪಕ್ಕದಲ್ಲಿ ಹಾಜಿರಾಬೀ ಅಂಚಿನ ಮೇಲೆ ಆಡಿಸಿದ್ದ ಬೆರಳ ತುದಿಯನ್ನು ಬೆಳಕಿಗೆ ಹಿಡಿದಿದ್ದಳು. ಬೆರಳಿಗೆ ಎಣ್ಣೆಯಷ್ಟೇ ಹತ್ತಿತ್ತು. ಕಪ್ಪು ಒಂದಿಷ್ಟೂ ಬಿಟ್ಟಿರಲಿಲ್ಲ.