ಮರಿತಾಯಮ್ಮನ ಹೂಂ

ಉಮ್ಮತ್ತೂರಿನ ಮರಿತಾಯಮ್ಮ ಕಥೆ ಹೇಳಲು ಕೂತರೆ ಕೇಳುವವರು ಹೂಂಗುಟ್ಟಲೇಬೇಕು. ಹೂಂ ನಿಂತರೆ ರಾಜಕುಮಾರ ಏಳನೇ ಸಮುದ್ರದ ನಡುವೆಯೇ ನಿಂತುಬಿಡುತ್ತಿದ್ದ. ಎಷ್ಟೋ ಸಲ ಪಾಪ, ಬೆಳಗಿನವರೆಗೂ ನೆನೆಯುತ್ತ ನಿಂತದ್ದುಂಟು.

ಅಂಥವಳ ಎಡಗಿವಿಯ ಓಲೆಯನ್ನು, ಚಾಮರಾಜನಗರ ಜಿಲ್ಲೆಯಾದ ವರ್ಷ, ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತುವಾಗ ಯಾವನೋ ಕಿತ್ತುಕೊಂಡು ಓಡಿದ. ಅವಳ ಅವ್ವ ಹಾಕಿದ್ದ ಓಲೆ. ಹರಿದ ಕಿವಿಗೆ ಸೆರಗೊತ್ತಿಕೊಂಡೇ ಪೊಲೀಸ್ ಹೊರಠಾಣೆಗೆ ಬಂದು, ದೂರು ಬರೆದುಕೊಳ್ಳುವ ರೈಟರ್ ಶಾಂತರಾಜುವಿನ ಎದುರು ಕೂತಳು.

“ನಡೆದದ್ದ ಏಳ್ತೀನಿ, ಊಂ ಅಂತಿರು ಕಣಪ್ಪ. ಬಸ್ಸಿನ ಮೆಟ್ಲ ಮ್ಯಾಲೆ ಒಂದು ಕಾಲಿಕ್ಕಿದ್ನಾ...”

ಪೆನ್ನು ಓಡಿತು, ಹೂಂ ಬರಲಿಲ್ಲ. ಮರಿತಾಯಮ್ಮ ಸುಮ್ಮನಾದಳು.

“ಆಮೇಲೆ?”

“ಒಂಟಿಕಾಲಲ್ಲೇ ನಿಂತಿವ್ನಿ. ನೀನು ಊಂ ಅಂದ್ರೆ ಇನ್ನೊಂದ ಎತ್ತೀನಿ.”

ಶಾಂತರಾಜು ಹೂಂ ಅಂದ. ಕಥೆ ಮುಗಿದ ಮೇಲೆ ಮಸಿಯ ಡಬ್ಬಿ ಮುಂದಕ್ಕೆ ತಳ್ಳಿದ. “ಹೆಬ್ಬೆಟ್ಟು ಒತ್ತಜ್ಜಿ.”

“ಕಡೇಲಿ ಏನ ಬರ್ದಿದ್ದೀಯೆ?”

“ಎಲ್ರಿಗೂ ಬರೆಯೋದೆ. ಓದಿ ಹೇಳಲಾಗಿ ಕೇಳಿದೆ, ಸರಿಯಿದೆ ಅಂತ.”

“ಯಾವಾಗ ಕೇಳ್ದೆ ನಾನು?”

ಶಾಂತರಾಜು ಫ್ಯಾನನ್ನು ನೋಡಿದ. ಓದಿ ಹೇಳಬೇಕೆನ್ನುವುದು ಕಾನೂನು. ಓದು ಅಂತ ಯಾರೂ ಕೇಳುತ್ತಿರಲಿಲ್ಲ, ಅಷ್ಟೆ.

“ಓದು. ಈಗ ಊಂ ಅನ್ನೋ ಸರದಿ ನಂದು.”

“ಉಮ್ಮತ್ತೂರು ವಾಸಿ ಮರಿತಾಯಮ್ಮ.”

“ಊಂ.”

“ಬಸ್ಸು ಹತ್ತುವ ಸಮಯದಲ್ಲಿ.”

“ಊಂ.”

“ಎಡಗಿವಿಯ ಓಲೆ ಬಿದ್ದು ಕಳೆದುಹೋಗಿರುತ್ತದೆ.”

ಹೂಂ ಇಲ್ಲ. ಅವನು ಇನ್ನಷ್ಟು ಜೋರಾಗಿ ಓದಿದ. ಆಗಲೂ ಇಲ್ಲ.

“ಕಿವಿ ಕೇಳ್ಸಲ್ವ ಅಜ್ಜಿ?”

“ಒಂದು ಅರಿದದೆ, ಇನ್ನೊಂದು ನೆಟ್ಟಗದೆ. ಕಳ್ದೋಯ್ತು ಅಂತ ಯಾಕ್ ಬರ್ದೆ?”

“ಕಿತ್ಕೊಂಡ ಅಂದ್ರೆ ಕೇಸಾಯ್ತದೆ. ಕಳ್ಳನ್ನ ಹುಡುಕ್ಬೇಕಾಯ್ತದೆ.”

“ಕಳ್ದೋಯ್ತು ಅಂದ್ರೆ?”

“ಯಾರೂ ಹುಡುಕ್ಬೇಕಾಗಿಲ್ಲ.”

ಮರಿತಾಯಮ್ಮ ಕಿವಿಯಿಂದ ಸೆರಗು ತೆಗೆದಳು. “ತಾನಾಗೇ ಬಿದ್ದ ಓಲೆ ಇಂಗೆ ಅರೀತದಾ? ನಾನು ಏಳಿದ ಕಥೇಲಿ ರಾಕ್ಷಸ ಇದ್ದ. ನೀನು ಅವನ್ನ ನುಂಗ್ಬುಟ್ಟಿದ್ದೀಯಲ್ಲಪ್ಪ.”

ಶಾಂತರಾಜು ಆ ಕಿವಿಯನ್ನು ನೋಡಿದ. ಹೊಸ ಹಾಳೆ ತೆಗೆದು ಬರೆದು ಓದಿದ: “ಯಾವನೋ ಒಬ್ಬನು ಓಲೆಯನ್ನು ಕಿತ್ತು, ಕಿವಿ ಹರಿದು, ಓಡಿಹೋಗಿರುತ್ತಾನೆ.” ಓದಿ, ತನಗೇ ಗೊತ್ತಿಲ್ಲದೆ ಕತ್ತು ಮುಂದೆ ಚಾಚಿ ಕಾದ.

“ಊಂ,” ಅಂದು ಅವಳು ಹೆಬ್ಬೆಟ್ಟು ಒತ್ತಿದಳು.

ಅವನು ನಕಲು ಕೊಟ್ಟ. “ನಿಂಗೆ ಇದು. ಪುಕ್ಕಟೆ ಕೊಡ್ಬೇಕು ಅಂತಲೇ ಕಾನೂನದೆ.” ಅವಳು ಬಾಗಿಲು ದಾಟುವಾಗ ತಡೆಯಲಾರದೆ ಕೇಳಿದ: “ಅಜ್ಜಿ, ಅವನು ಓಡ್ದ್ನಲ್ಲ, ಆಮೇಲೆ?”

“ಆಮೇಲಿಂದ ನೀನು ಉಡುಕಿ ನಂಗೆ ಏಳ್ಬೇಕು ಕಣಪ್ಪ. ನಾನು ಊಂ ಅಂತೀನಿ.”