ಮೂರನೇ ಸೀಟು

ಕಾಲೇಜಿನ ದೋಣಿ ತಂಡಕ್ಕೆ ಕೋಚ್ ಆಗಿಯೇ ತಲೆ ನರೆಸಿಕೊಂಡವನು ಅವನು. ವಿದ್ಯಾರ್ಥಿಯಾಗಿದ್ದಾಗ ಅದೇ ನದಿಯಲ್ಲಿ ಹುಟ್ಟು ಹಾಕಿದ್ದ. ಆಮೇಲೆ ಹಳೆಯ ಕೋಚಿನ ಕೈಕೆಳಗೆ ದೋಣಿ ಹೊತ್ತ, ದೋಣಿ ತೊಳೆದ, ಬೈಸಿಕೊಂಡ. ಹಳಬ ನಿವೃತ್ತನಾದ ದಿನ ಅವನ ಮೆಗಾಫೋನು ಇವನ ಕೈಗೆ ಬಂತು. ಅಲ್ಲಿಂದ ಬೆಳಗಾದರೆ ನೀರು, ಸಂಜೆಯಾದರೆ ನೀರು. ಗೆದ್ದ ವರ್ಷಗಳ ಟ್ರೋಫಿಗಳು ದೋಣಿಮನೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಸೋತ ವರ್ಷಗಳೂ ಬೇಕಾದಷ್ಟಿವೆ, ಅವನ್ನು ಕಪಾಟಿನಲ್ಲಿಡುವ ಪದ್ಧತಿಯಿಲ್ಲ ಅಷ್ಟೆ.

ಮುಖ ನೋಡಿ ಮಣೆ ಹಾಕುವವನಲ್ಲ ಎಂದು ಅವನಿಗೆ ಹೆಸರು. ಪ್ರಿನ್ಸಿಪಾಲರ ಸೋದರಳಿಯನನ್ನೇ ಒಮ್ಮೆ ದೋಣಿಯಿಂದ ಇಳಿಸಿದ್ದ. ಯಾರು ಎಷ್ಟು ಎಳೆಯುತ್ತಾರೆಂದು ತಿಳಿಯಲು ಅವನು ನೋಡುತ್ತಿದ್ದದ್ದು ನೀರನ್ನು. ಹುಟ್ಟು ಮೇಲೆದ್ದ ಜಾಗದಲ್ಲಿ ಒಂದು ಸುಳಿ ಉಳಿಯುತ್ತದೆ. ಮೈಮುರಿದು ಎಳೆದವರ ಸುಳಿ ಆಳವಾಗಿರುತ್ತದೆ, ಕಳ್ಳಾಟ ಆಡಿದವರದು ತಟ್ಟೆಯಂತೆ ಚಪ್ಪಟೆ. "ಮುಖ ಸುಳ್ಳು ಹೇಳುತ್ತೆ, ನೀರು ಹೇಳಲ್ಲ" ಎಂದು ಅವನು ಎಷ್ಟು ಸಲ ಹೇಳಿದ್ದನೆಂದರೆ, ತಂಡದ ಹುಡುಗ ಹುಡುಗಿಯರು ಬೆನ್ನ ಹಿಂದೆ ಅವನನ್ನು ನೀರಪ್ಪ ಎಂದೇ ಕರೆಯುತ್ತಿದ್ದರು.

ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆಯೇ ಅವನು ನದಿಯ ಮೇಲಿದ್ದ. ಎಂಥ ಗಟ್ಟಿ ಮನುಷ್ಯ ಎಂದು ಜನ ಹೊಗಳಿದರು. ಗಟ್ಟಿಯೂ ಇಲ್ಲ ಗಿಟ್ಟಿಯೂ ಇಲ್ಲ, ಅವನಿಗೆ ಏನೂ ಅನ್ನಿಸಲಿಲ್ಲ. ಅಳು ಬಂದೀತೆಂದು ಕೆಲವು ದಿನ ಕಾದ. ಬರಲಿಲ್ಲ. ಊಟಕ್ಕೆ ಉಪ್ಪು ಹೆಚ್ಚಾದರೂ ಒಂದೇ, ಕಡಿಮೆಯಾದರೂ ಒಂದೇ ಆಯಿತು. ದೋಣಿ ಗೆದ್ದಾಗ ಎಲ್ಲರೂ ಕುಣಿದರೆ ಇವನು ಮೋಟಾರಿನ ಎಣ್ಣೆ ಒರೆಸುತ್ತ ನಿಂತಿರುತ್ತಿದ್ದ.

ಅದೇ ತಿಂಗಳು ಮಗಳು ತಂಡಕ್ಕೆ ಸೇರಿದಳು. ಚಿಕ್ಕಂದಿನಲ್ಲಿ ನೀರೆಂದರೆ ಮಾರು ದೂರ ಓಡುತ್ತಿದ್ದ ಹುಡುಗಿ. "ನೂಲಿನಂತೆ ಸೀರೆ, ತಂದೆಯಂತೆ ಮಗಳು" ಎಂದು ದೋಣಿಮನೆಯ ಮೇಸ್ತ್ರಿ ಗಾದೆಯನ್ನೇ ತಿದ್ದಿ ನಕ್ಕ. ಮನೆಯಲ್ಲಿ ಅಪ್ಪ, ನದಿಯ ಮೇಲೆ ಸರ್. ನದಿಯ ಮೇಲೆ ಅವಳಿಗೂ ಉಳಿದವರಂತೆ ಸೀಟಿನ ಅಂಕಿಯೇ ಹೆಸರು. ಅವಳು ಕೂರುತ್ತಿದ್ದದ್ದು ಎರಡನೇ ದರ್ಜೆಯ ದೋಣಿಯ ಮೂರನೇ ಸೀಟಿನಲ್ಲಿ, ಹಾಗಾಗಿ ಅವಳು 'ಮೂರು'.

ಇದು ಅವಳ ಡಿಗ್ರಿಯ ಕೊನೆಯ ವರ್ಷ, ಪರೀಕ್ಷೆಯೂ ಮುಗಿದಿತ್ತು. ಒಗೆದ ಬಟ್ಟೆ ಮಡಿಸುತ್ತ ಅವಳೊಂದು ದಿನ ಹೇಳಿದಳು, "ಈ ಸಲ ಮೊದಲನೇ ದೋಣೀಲಿ ಸೀಟು ಸಿಕ್ಕಿದ್ರೆ ಇಲ್ಲೇ ಇದ್ದು ಮುಂದೆ ಓದ್ತೀನಿ ಅಪ್ಪ. ಇಲ್ಲಾಂದ್ರೆ ಚಿಕ್ಕಮ್ಮನ ಊರಿಗೆ ಹೋಗ್ತೀನಿ. ಅವಳ ಆಫೀಸಲ್ಲೇ ಒಂದು ಕೆಲಸ ಇದೆಯಂತೆ."

"ಸರಿ" ಎಂದ.

ಮಾರನೆಯ ದಿನ ಹಲ್ಲುಜ್ಜುವಾಗ, ಪಕ್ಕದ ಕೋಣೆಯಲ್ಲಿ ಅವಳು ಕಪಾಟು ತೆಗೆದ ಸದ್ದು ಕೇಳಿತು. ಇವಳು ಹೋದರೆ ಈ ಸದ್ದೂ ಇರುವುದಿಲ್ಲ ಎಂದುಕೊಂಡ. ಒಳಗೆಲ್ಲೋ ಭಯ ಮಿಸುಕಿತು. ಮೂರು ವರ್ಷದಲ್ಲಿ ಅವನೊಳಗೆ ಮಿಸುಕಿದ್ದು ಅದೊಂದೇ.

ಮೊದಲ ದೋಣಿಯಲ್ಲಿ ಖಾಲಿಯಿದ್ದದ್ದು ಮೂರನೇ ಸೀಟು ಮಾತ್ರ. ಅದಕ್ಕೆ ಇಬ್ಬರು ಪೈಪೋಟಿಗಿದ್ದರು, ಮಗಳು ಒಬ್ಬಳು, ಎಲ್ಲರೂ ಜಿರಾಫೆ ಎಂದು ಕರೆಯುವ ಎತ್ತರದ ಹುಡುಗಿ ಇನ್ನೊಬ್ಬಳು. ಇಂಥ ಕಡೆ ಅವನು ಸೀಟ್ ರೇಸ್ ಓಡಿಸುತ್ತಿದ್ದ. ನಾಲ್ಕು ನಾಲ್ಕು ಜನರ ಎರಡು ದೋಣಿ ಒಮ್ಮೆ ಓಡಬೇಕು. ಆಮೇಲೆ ನಡುನೀರಿನಲ್ಲೇ ಇಬ್ಬರು ಮಾತ್ರ ದೋಣಿ ಬದಲಾಯಿಸಿಕೊಂಡು ಮತ್ತೊಮ್ಮೆ ಓಡಬೇಕು. ಎರಡು ಓಟ ಹೋಲಿಸಿ, ಯಾರು ಹತ್ತಿದ ದೋಣಿ ಹೆಚ್ಚು ಅಂತರದಿಂದ ಮುಂದಾಯಿತೋ ಸೀಟು ಅವರದು. ರೇಸು ನಡೆಯುವಾಗ ಕೋಚ್ ಬಾಯಿ ಬಿಡಬಾರದು. ಆ ನಿಯಮ ಮಾಡಿದವನು ಅವನೇ, ಮುರಿದದ್ದೂ ಇಲ್ಲ.

ಮೊದಲ ಓಟದಲ್ಲಿ ಮಗಳ ದೋಣಿ ಅರ್ಧ ದೋಣಿಯಷ್ಟು ಮುಂದೆ ಬಂತು. "ಮೂರನೇ ಸೀಟು, ಅದಲುಬದಲು" ಎಂದ. ಇಬ್ಬರೂ ಅಂಚು ಹಿಡಿದು ತೆವಳುತ್ತ ದಾಟಿದರು. "ಬಿದ್ದೀಯ ಕಣೇ, ಜೋಪಾನ" ಎಂದಳು ಜಿರಾಫೆ.

ಎರಡನೇ ಓಟ. ಮೇಸ್ತ್ರಿ ಮೋಟಾರು ದೋಣಿ ನಡೆಸುತ್ತಿದ್ದ, ಕೋಚ್ ಹಿಂದಿನಿಂದ ನೀರು ನೋಡುತ್ತಿದ್ದ. ಆಗಷ್ಟೇ ಸೋತಿದ್ದ ದೋಣಿ ಮಗಳು ಹತ್ತಿದ್ದೇ ತಡ ಮುಂದಾಯಿತು. ಅದರ ಮೂರನೇ ಸೀಟಿನ ಸುಳಿ ಆಳವಾಗಿ, ಕಪ್ಪಗೆ ತಿರುಗುತ್ತಿತ್ತು. ಗೆಲ್ಲುತ್ತಾಳೆ, ಇಲ್ಲೇ ಇರುತ್ತಾಳೆ ಎಂದುಕೊಂಡ. ಅಷ್ಟರಲ್ಲಿ ಅವಳ ಮಣಿಕಟ್ಟು ಬಿಗಿಯಾದದ್ದು, ಹುಟ್ಟು ಕೂದಲೆಳೆಯಷ್ಟು ತಡವಾಗಿ ನೀರಿಗೆ ಇಳಿದದ್ದು ಕಂಡಿತು. ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿಯುವ ಮೊದಲೇ ಮೆಗಾಫೋನು ಬಾಯಿಗೆ ಬಂದಿತ್ತು.

"ಮೂರು, ಮಣಿಕಟ್ಟು ಸಡಿಲ ಬಿಡು."

ಮೇಸ್ತ್ರಿ ತಿರುಗಿ ಅವನನ್ನೇ ನೋಡಿದ. ಅದರ ಬೆನ್ನಿಗೇ ಮೂರನೆಯ ಸುಳಿ ಚಪ್ಪಟೆಯಾಯಿತು. ದಣಿದವರ ಸುಳಿ ಮೆಲ್ಲಮೆಲ್ಲನೆ ಸಣ್ಣದಾಗುತ್ತದೆ. ಇದು ದೀಪ ಆರಿಸಿದಂತೆ ಒಮ್ಮೆಗೇ ಹೋಯಿತು. ಜಿರಾಫೆಯ ದೋಣಿ ದಾಟಿ, ಪೂರ್ತಿ ಒಂದು ದೋಣಿಯಷ್ಟು ಮುಂದೆ ಹೋಯಿತು.

"ಹುಡುಗಿಗೆ ಏನಾಯ್ತು ಸರ್?"

"ಸುಸ್ತು" ಎಂದ ಕೋಚ್. ಸುಳ್ಳೆಂದು ಅವನಿಗೆ ಗೊತ್ತಿತ್ತು.

ದಡದಲ್ಲಿ ಸೀಟು ಜಿರಾಫೆಗೆಂದು ಹೇಳಿದ. ಜಿರಾಫೆ ಗೋಳೋ ಎಂದು ಅತ್ತಳು. ಎಲ್ಲರೂ ಅವಳನ್ನು ತಬ್ಬಿಕೊಂಡರು, ಮಗಳೂ ತಬ್ಬಿಕೊಂಡಳು.

ಕಾರಿನಲ್ಲಿ ಅಪ್ಪ ಮಗಳು ಇಬ್ಬರೇ. ರಸ್ತೆ ನೋಡುತ್ತಲೇ ಅವನು ಕೇಳಿದ, "ಬೇಕಂತಲೇ ಬಿಟ್ಟೆ, ಅಲ್ವಾ?"

"ಹೂಂ."

"ಜಿರಾಫೆ ಮೇಲೆ ಕನಿಕರಾನಾ?"

"ಅವಳಿಗ್ಯಾಕೆ ನನ್ನ ಕನಿಕರ? ನನ್ನನ್ನೇ ಎತ್ತಿ ಬಿಸಾಕೋಷ್ಟು ಗಟ್ಟಿ ಇದಾಳೆ."

"ನಾಳೆ ಇನ್ನೊಂದ್ಸಲ ಓಡಿಸ್ತೀನಿ."

"ಬೇಡ."

"ಗೆಲ್ತಿದ್ದೆ ಕಣಮ್ಮ. ನೀನು ಇಲ್ಲೇ ಇರ್ಬೇಕು ಅಂತ ಬಾಯಿ ಬೇರೆ ಬಿಟ್ಟೆ. ಈ ಜೀವಮಾನದಲ್ಲಿ ಯಾರಿಗೂ ಹಾಗೆ ಮಾಡಿಲ್ಲ."

"ನೀನು ಬಾಯಿ ಬಿಟ್ಟಿದ್ದಕ್ಕೇ ನಾನು ಕೈ ಬಿಟ್ಟಿದ್ದು."

ಸಿಗ್ನಲ್ಲು ಕೆಂಪಾಯಿತು. ಅವನು ನಿಲ್ಲಿಸಿದ.

"ದೋಣೀಲಿ ನಾವು ಹಿಂದಕ್ಕೆ ಮುಖ ಮಾಡಿ ಕೂರ್ತೀವಿ" ಎಂದಳು. "ನೀನು ಹಿಂದೆ ಬರ್ತೀಯ. ಅಮ್ಮ ಹೋದ್ಮೇಲೆ ಮನೇಲಿ ನೀನು ನನ್ನ ಮುಖ ನೋಡೋದೇ ಬಿಟ್ಟೆ. ಗೋಡೆ ನೋಡ್ತೀಯ, ತಟ್ಟೆ ನೋಡ್ತೀಯ. ನದೀಲಾದ್ರೂ ಎದುರುಬದುರು ಇರ್ತೀವಲ್ಲ ಅಂತ ತಂಡಕ್ಕೆ ಸೇರಿದೆ. ನೀರು ಕಂಡ್ರೆ ನನಗೆ ಈಗಲೂ ಭಯ."

ಅವನು ಸ್ಟೀರಿಂಗ್ ಹಿಡಿದು ಕೆಂಪು ದೀಪವನ್ನೇ ನೋಡುತ್ತಿದ್ದ.

"ಇವತ್ತು ದೋಣಿ ಬದಲಾಯಿಸಿದಾಗಿಂದ ಅಳ್ತಾನೇ ಇದ್ದೆ ಅಪ್ಪ. ನಿನ್ನ ಕಡೆಗೇ ಮುಖ ಇತ್ತು. ನೀನು ಮೆಗಾಫೋನ್ ಎತ್ತಿದಾಗ, ಕೊನೆಗೂ ಕಾಣಿಸ್ತು ಇವನಿಗೆ ಅಂದ್ಕೊಂಡೆ." ಅವಳು ಮೂಗು ಒರೆಸಿಕೊಂಡಳು. "ಮಣಿಕಟ್ಟು ಅಂದೆ ನೀನು."

ಹಿಂದಿನ ಕಾರಿನವನು ಹಾರನ್ ಹೊಡೆದ. ಸಿಗ್ನಲ್ಲು ಯಾವಾಗಲೋ ಹಸಿರಾಗಿತ್ತು. ಅವನು ದಾಟಿ, ಒಂದು ಟೈರ್ ಅಂಗಡಿಯ ಮುಂದೆ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದ. ಆಮೇಲೆ ತಿರುಗಿ ಅವಳ ಮುಖ ನೋಡಿದ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಗದ್ದದ ಹತ್ತಿರ ಒಂದು ಗಾಯದ ಕಲೆ ಇತ್ತು. ಅದು ಯಾವಾಗ ಆದದ್ದೆಂದು ಅವನಿಗೆ ಗೊತ್ತಿರಲಿಲ್ಲ. ಎದೆ ಒಡೆದೀತು, ಈಗಲಾದರೂ ಏನಾದರೂ ಆದೀತು ಎಂದು ನೋಡಿದ. ಏನೂ ಆಗಲಿಲ್ಲ.

"ನನಗೆ ಏನೂ ಅನ್ನಿಸ್ತಿಲ್ಲ ಮಗಳೇ" ಎಂದ. "ನಿಮ್ಮಮ್ಮ ಹೋದಾಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸ್ತಿಲ್ಲ. ಒಳಗೆ ಏನೋ ಕೆಟ್ಟು ಕೂತಿದೆ. ಅದು ನಿನಗೆ ಗೊತ್ತಾಗದೆ ಇರ್ಲಿ ಅಂತ ಗೋಡೆ ನೋಡ್ತಿದ್ದೆ."



"ಇದನ್ನಾದ್ರೂ ಹೇಳಬಾರದಿತ್ತಾ ಅಪ್ಪ" ಎಂದಳು. "ನಾನು ಸೋಮವಾರ ಹೋಗ್ತೀನಿ. ಆಗ್ಲೇ ದಡದಿಂದ ಚಿಕ್ಕಮ್ಮಂಗೆ ಫೋನ್ ಮಾಡಿ ಹೇಳಾಗಿದೆ."

"ಸರಿ" ಎಂದವನು ಕೀಲಿಗೆ ಕೈ ಹಾಕಿ ಮತ್ತೆ ತೆಗೆದ. "ಇವತ್ತು ಯಾಕೆ ಅಳ್ತಿದ್ದೆ?"

ಮೊದಲು ತಡವರಿಸುತ್ತ, ಆಮೇಲೆ ಸರಾಗವಾಗಿ ಅವಳು ಹೇಳತೊಡಗಿದಳು. ಆಸ್ಪತ್ರೆಯ ಕೊನೆಯ ವಾರದಿಂದ ಶುರುಮಾಡಿದಳು. ಅವನಿಗೆ ಒಳಗೆ ಏನೂ ಆಗಲಿಲ್ಲ. ಮುಖ ಮಾತ್ರ ತಿರುಗಿಸಲಿಲ್ಲ, ಅವಳು ಹೇಳಿ ಮುಗಿಸುವವರೆಗೂ.